ಉಳಿದ ಒಂದು ಡಬ್ಬಿ ಆಯಿಲ್

1993ರ ಮೇ ತಿಂಗಳ ಒಂದು ಭಾನುವಾರ, ವಾಸ್ಕೋದ ಮಂಗೋರ್ ಹಿಲ್‌ನಲ್ಲಿ ನಮ್ಮ ಮನೆಯ ಮುಂದೆ, ನನ್ನ ಅಣ್ಣ ಮತ್ತು ಪಕ್ಕದ ಮನೆಯ ಚಾಚಾ ಸೇರಿ ಒಂದು ಕಾರಿನ ಗೇರ್‌ಬಾಕ್ಸಿನ ಆಯಿಲ್ ಮತ್ತು ಫಿಲ್ಟರ್ ಬದಲಿಸಿದರು.

ಕಾರು ಅಣ್ಣನದಲ್ಲ. ದುಬೈಯಲ್ಲಿ ಕೆಲಸದಲ್ಲಿದ್ದ ದಾಬೋಲಿಮ್‌ನ ಒಬ್ಬರು ಅದನ್ನು ಹಡಗಿನಲ್ಲಿ ತರಿಸಿ ಹೆಂಡತಿ ಮಕ್ಕಳಿಗಾಗಿ ಬಿಟ್ಟಿದ್ದರು. ಅಣ್ಣ ಅದರ ಡ್ರೈವರ್. ಧಣಿಯನ್ನು ವಾಸ್ಕೋದವರಂತೆ ಪಾತ್ರಾಂವ್ ಎಂದೇ ಕರೆಯುತ್ತಿದ್ದ. ಸ್ಟಿಯರಿಂಗ್ ಎಡಕ್ಕಿತ್ತು. ಕ್ಲಚ್ ಇರಲಿಲ್ಲ, ಗೇರು ತಾನೇ ಬದಲಾಗುತ್ತಿತ್ತು. ಅಣ್ಣನಿಗೆ ಬೇಕಾಗಿದ್ದು ಅದೇ. ಮೊದಲು ಅವನು ಬಂದರಿಗೆ ಅದಿರು ಸಾಗಿಸುವ ಲಾರಿ ಓಡಿಸುತ್ತಿದ್ದ. ಹಿಂಬಾಗಿಲು ಬಡಿದು ಎಡಮಂಡಿ ಒಡೆದ ಮೇಲೆ ಆ ಕಾಲು ಮಡಚುತ್ತಿರಲಿಲ್ಲ. ಅವನು ಓಡಿಸಬಲ್ಲ ಇನ್ನೊಂದು ಗಾಡಿ ವಾಸ್ಕೋದಲ್ಲಿ ನಮಗೆ ಗೊತ್ತಿರಲಿಲ್ಲ.

ಏರಿನಲ್ಲಿ ಕಾರು ತಡವರಿಸತೊಡಗಿತು. ಗ್ಯಾರೇಜಿನವರು ಈ ಥರದ ಗೇರ್‌ಬಾಕ್ಸ್ ಮುಟ್ಟಲು ಒಪ್ಪಲಿಲ್ಲ. ಪಾತ್ರಾಂವ್ ಊರಿಗೆ ಬರುವವರೊಬ್ಬರ ಕೈಯಲ್ಲಿ ಫಿಲ್ಟರ್, ಪ್ಯಾಕಿಂಗ್, ಐದು ಡಬ್ಬಿ ಆಯಿಲ್ ಕಳಿಸಿ, ಬದಲಿಸಿ ಇಡು ಎಂದು ಫೋನಿನಲ್ಲಿ ಹೇಳಿದರು.

ಚಾಚಾ ಬಿಜಾಪುರ ಕಡೆಯವರು, ಲಾರಿ ಮೆಕ್ಯಾನಿಕ್. ಕಾರಿನ ಜೊತೆ ಬಂದಿದ್ದ ಪುಸ್ತಕ ಅರಬ್ಬಿಯಲ್ಲಿತ್ತು. ಚಾಚಾ ಕೈ ತೊಳೆದು ಬಂದು, ಕುರಾನ್ ಓದುವಂತೆ ಒಂದು ಪುಟವನ್ನು ತಡೆಯಿಲ್ಲದೆ ಗಟ್ಟಿಯಾಗಿ ಓದಿದರು.

"ಏನ ಬರದಾರ್ರಿ ಚಾಚಾ?" ಅಣ್ಣ ಕೇಳಿದ.

"ಓದಾಕ ಬರ್ತೈತಿ. ತಿಳ್ಯಾಂಗಿಲ್ಲ."

"ಮತ್ತ ಇಷ್ಟೊತ್ತು ಓದಿದ್ರಲ್ಲ?"

"ಚಲೋದಾಗಲಿ ಅಂತ ಓದಿದೆ. ಪಾನಾ ಕೊಡು."

ನಮ್ಮ ಓಣಿಯಲ್ಲಿ ಸಮತಟ್ಟಾದ ಜಾಗವೆಂದರೆ ನಮ್ಮ ಮನೆ ಎದುರಿನ ನಳದ ಮುಂದಿನದು. ಅಲ್ಲೇ ಕಾರನ್ನು ಜಾಕಿ ಮೇಲೆ ಎತ್ತಿ, ಗಾಲಿಗಳಿಗೆ ಕಲ್ಲು ಕೊಟ್ಟರು. ಚಾಚಾ ಗೇರ್‌ಬಾಕ್ಸಿನ ಕೆಳಗಿನ ತಗಡಿನ ತಟ್ಟೆಯ ಬೋಲ್ಟುಗಳನ್ನು ಬಿಚ್ಚಿದರು. ಕೆಂಪಗಿರಬೇಕಾದ ಆಯಿಲ್ ಕಪ್ಪಾಗಿ ಬುಟ್ಟಿಗೆ ಇಳಿಯಿತು. ಸುಟ್ಟ ವಾಸನೆ ಬಂತು. ಕೊಡ ಹಿಡಿದು ಪಾಳಿಯಲ್ಲಿ ನಿಂತಿದ್ದ ಹೆಂಗಸೊಬ್ಬಳು, "ಯಾಕ್ರಿ, ಗಾಡಿಗೆ ಜುಲಾಬ ಹತ್ತೈತೇನು?" ಎಂದಳು. ಅಣ್ಣ ನಗಲಿಲ್ಲ. ತಟ್ಟೆಯ ತಳದ ಅಯಸ್ಕಾಂತಕ್ಕೆ ಅಂಟಿದ್ದ ಕಬ್ಬಿಣದ ಪುಡಿಯನ್ನು ಬೆರಳಿನಿಂದ ಒರೆಸುತ್ತಿದ್ದ.

ಹೊಸ ಫಿಲ್ಟರ್ ಕೂಡಿಸಿದರು. ಆಯಿಲ್ ಸೋರದಂತೆ ಅಂಚಿಗೆ ಪ್ಯಾಕಿಂಗ್ ಇಟ್ಟು ತಟ್ಟೆ ಬಿಗಿದರು. ಮೇಲಿನ ಕೊಳವೆಯಿಂದ ನಾಲ್ಕು ಡಬ್ಬಿ ಸುರಿದು, ಎಂಜಿನ್ ಒಮ್ಮೆ ಚಾಲೂ ಮಾಡಿ ನಿಲ್ಲಿಸಿದರು. ರಾತ್ರಿಯಿಡೀ ಗಾಡಿ ನಿಲ್ಲಿಸಿ, ಬೆಳಿಗ್ಗೆ ಚಾಲೂ ಮಾಡುವ ಮೊದಲು ಅಳತೆಯ ಕಡ್ಡಿ ಎಳೆದು ಆಯಿಲ್ ನೋಡುವುದು ಲಾರಿಯವರ ಶಿಸ್ತು. ಸೋಮವಾರ ಬೆಳಿಗ್ಗೆ ಇಬ್ಬರೂ ಹಾಗೆಯೇ ನೋಡಿದರು. ಆಯಿಲ್ ಗೆರೆ ಮುಟ್ಟಿತ್ತು.

"ಒಂದ ಡಬ್ಬಿ ಉಳೀತಲ್ರಿ."

"ಡಿಕ್ಕಿಯೊಳಗ ಇಡು. ಪಾತ್ರಾಂವ್ ಬಂದಾಗ ಕೊಡು. ಖರೇ ಮನುಷ್ಯಾ ಅಂತಾರ."

ಮಳೆಗಾಲ ಶುರುವಾಗುವ ಹೊತ್ತಿಗೆ ಕಾರು ಏರು ಹತ್ತುವುದನ್ನೇ ಬಿಟ್ಟಿತು. ಎಂಜಿನ್ ಕೂಗುತ್ತಿತ್ತು, ಗಾಲಿ ತಿರುಗುತ್ತಿರಲಿಲ್ಲ. ಸಮತಟ್ಟಿನಲ್ಲಿ ಹೇಗೋ ಓಡುತ್ತಿತ್ತು, ಏರಿನಲ್ಲಿ ಹಿಂದಕ್ಕೆ ಮಾತ್ರ ಎಳೆಯುತ್ತಿತ್ತು. ಮಧ್ಯಾಹ್ನ ಊಟಕ್ಕೆ ಬರುವಾಗ ಅಣ್ಣ ಮಂಗೋರ್ ಹಿಲ್‌ನ ಏರನ್ನು ಹಿಮ್ಮುಖವಾಗಿ ಹತ್ತುತ್ತಿದ್ದ.

"ಏನ ತಮ್ಮಾ, ಮನಿಗೆ ಬೆನ್ನ ತೋರಸ್ಕೋತ ಬರ್ತೀಯಲ್ಲ?" ಎಂದು ಚಾಚಾ ಕೇಳಿದರು.

"ಹೆಂಗರೆ ಬರ್ತೇನಲ್ರಿ" ಎಂದ ಅಣ್ಣ.

ಆಗಸ್ಟಿನಲ್ಲಿ ಪಾತ್ರಾಂವ್ ರಜೆಗೆ ಬಂದರು. ಮುಂದಿನದು ಅಣ್ಣ ನನಗೆ ಹೇಳಿದ್ದು. ವಿಮಾನ ನಿಲ್ದಾಣದಿಂದ ಮನೆ ದೂರವಿರಲಿಲ್ಲ. ದಾರಿಯುದ್ದಕ್ಕೂ ಅವರು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟಿದ್ದರು. ಪೆಟ್ಟಿಗೆ ಇಳಿಸಲು ಡಿಕ್ಕಿ ತೆರೆದಾಗ ಡಬ್ಬಿ ಕಂಡಿತು. ಇದೇಕೆ ಉಳಿಯಿತು ಎಂದು ಹಿಂದಿಯಲ್ಲಿ ಕೇಳಿದರು. ಎಂಜಿನ್ ಚಾಲೂ ಇಟ್ಟು ಕಡ್ಡಿ ಎಳೆದರು. ತುದಿ ಒಣಗಿತ್ತು. ಈ ಗೇರ್‌ಬಾಕ್ಸಿನ ಆಯಿಲನ್ನು ಎಂಜಿನ್ ಓಡುತ್ತಿರುವಾಗಲೇ ನೋಡಬೇಕು. ಬಂದ್ ಮಾಡಿದರೆ ಮೇಲಿನದೆಲ್ಲ ಕೆಳಗಿಳಿದು, ಕಡಿಮೆ ಇದ್ದರೂ ತುಂಬಿದಂತೆ ತೋರಿಸುತ್ತದೆ.

"ಬಂದ್ ಮಾಡಿ ನೋಡಿದ್ಯಾ ಅಂತ ಕೇಳಿದ್ರು. ಹೌದ್ರಿ ಅಂದೆ" ಎಂದ ಅಣ್ಣ. "ಬೈಲಿಲ್ಲ. ಬೈದಿದ್ರ ಚಲೋ ಇತ್ತು."

ಉಳಿದ ಡಬ್ಬಿಯನ್ನು ಪಾತ್ರಾಂವ್ ತಾವೇ ಸುರಿದರು. ಆ ಹೊತ್ತಿಗೆ ಒಳಗಿನ ಪ್ಲೇಟುಗಳು ಸುಟ್ಟಿದ್ದವು. ರಜೆ ಮುಗಿಯುವ ಮೊದಲು ಆ ಕಾರನ್ನು ಮಾರಿ ಇಲ್ಲಿಯದೇ ಒಂದು ಹೊಸ ಕಾರು ಕೊಂಡರು. ಕೂತು ನೋಡು ಎಂದು ಅಣ್ಣನಿಗೆ ಕೀಲಿ ಕೊಟ್ಟರು. ಅವನು ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಕ್ಲಚ್ಚಿನ ಮೇಲಿಟ್ಟ. ಒತ್ತಲು ಆಗಲಿಲ್ಲ. ಕೀಲಿ ವಾಪಸು ಕೊಟ್ಟು ನಡೆದು ಮನೆಗೆ ಬಂದ.

ಗಾಡಿ ಏನಾಯಿತೆಂದು ಚಾಚಾ ಕೇಳಿದಾಗ ಅಣ್ಣ, "ಹಳೇ ಗಾಡಿರಿ, ಮಾರಿದ್ರು" ಎಂದಷ್ಟೇ ಹೇಳಿದ. ಚಾಚಾ ಮರುವರ್ಷ ಊರಿಗೆ ಮರಳಿದರು.

ಅಣ್ಣ ಕೊರ್ತಾಲಿಮ್‌ನ ಒಂದು ಗೋದಾಮಿನಲ್ಲಿ ಕಾವಲುಗಾರನಾದ. 1998ರಲ್ಲಿ ಅವನ ಡ್ರೈವಿಂಗ್ ಲೈಸೆನ್ಸಿನ ಅವಧಿ ಮುಗಿಯಿತು. ಒಂದು ದಿನ ರಜೆ ಹಾಕಿ ಹೋಗಿ ಅದನ್ನು ನವೀಕರಿಸಿಕೊಂಡು ಬಂದ.