ಬೆನ್ನು ಗಟ್ಟಿಯಾಗಿತ್ತು, ಕಾಲು ಊದಿತ್ತು

ಕೊರೊನಾ ಲಾಕ್‌ಡೌನ್‌ಗಳೆಲ್ಲ ಮುಗಿದು ಬಸ್ಸುಗಳು ಮತ್ತೆ ತುಂಬಿ ಓಡತೊಡಗಿದ್ದ ವರ್ಷ ಅದು. ನಾನು ಫಿಸಿಯೊಥೆರಪಿಸ್ಟ್. ಶಿಕಾರಿಪುರದಲ್ಲಿ ನನ್ನದೇ ಒಂದು ಸಣ್ಣ ಕ್ಲಿನಿಕ್ ಇತ್ತು. ವಾರಕ್ಕೆ ಎರಡು ದಿನ ಸೊರಬಕ್ಕೆ ಹೋಗಿ ಅಲ್ಲಿಯ ರೋಗಿಗಳನ್ನೂ ನೋಡುತ್ತಿದ್ದೆ. ಮಿಕ್ಕ ದಿನಗಳ ಮಧ್ಯಾಹ್ನ ಹಳ್ಳಿಗಳಿಗೆ ಮನೆಭೇಟಿ. ಪಾರ್ಶ್ವವಾಯು ಬಡಿದವರು, ಸೊಂಟ ಮುರಿದವರು, ಮಂಡಿಚಿಪ್ಪು ಬದಲಾಯಿಸಿಕೊಂಡವರು ನನ್ನ ರೋಗಿಗಳು. ಮಲಗಿದವರನ್ನು ಎಬ್ಬಿಸಿ ನಿಲ್ಲಿಸುವುದು, ನಿಂತವರನ್ನು ನಡೆಸುವುದು ನನ್ನ ಕೆಲಸ. ಜೀವ ಹೋಗುವಂಥ ಆತಂಕ ಸರ್ಜನ್‌ಗಳ ಪಾಲಿಗೆ, ತಾಳ್ಮೆ ನಮ್ಮ ಪಾಲಿಗೆ ಎಂದು ನಾವು ನಾವೇ ತಮಾಷೆ ಮಾಡಿಕೊಳ್ಳುವುದಿತ್ತು. ಹಾಲಮ್ಮನ ಕೇಸ್ ಬಂದ ಮೇಲೆ ಆ ತಮಾಷೆ ನನ್ನ ಬಾಯಿಂದ ಬಂದಿಲ್ಲ.

ಶಿವಮೊಗ್ಗದ ಸರ್ಜನ್ ಒಬ್ಬರು ಫೋನ್ ಮಾಡಿದ್ದರು. ತೊಗರ್ಸಿಯಿಂದ ಆಚೆಯ ಒಂದು ಊರಿನ ಹೆಂಗಸು, ಐವತ್ತರ ಆಸುಪಾಸು, ಕುರಿ ಸಾಕುವ ಮನೆತನ. ಸೊಂಟದ ಹತ್ತಿರ ಬೆನ್ನೆಲುಬಿನ ಒಂದು ಮಣಿ ಮುಂದಕ್ಕೆ ಜಾರಿ ಕಾಲಿನ ನರಗಳನ್ನು ಒತ್ತುತ್ತಿತ್ತು. ಅವರಿಗೆ ಸ್ಪೈನಲ್ ಫ್ಯೂಷನ್ ಮಾಡಿದ್ದರು. ಜಾರಿದ ಮಣಿಯನ್ನೂ ಅದರ ಕೆಳಗಿನದನ್ನೂ ಸ್ಕ್ರೂ ಮತ್ತು ಸರಳುಗಳಿಂದ ಬಿಗಿದು, ನಡುವೆ ಮೂಳೆಯ ಚೂರು ತುಂಬಿ, ಎರಡೂ ಕೂಡಿ ಒಂದೇ ಮೂಳೆಯಾಗಲು ಬಿಡುವ ಆಪರೇಶನ್ ಅದು. ಕೂಡಿಕೊಳ್ಳಲು ತಿಂಗಳುಗಳೇ ಬೇಕು. ಅಷ್ಟೂ ಕಾಲ ರೋಗಿ ಬಗ್ಗಬಾರದು, ಭಾರ ಎತ್ತಬಾರದು, ಸೊಂಟ ತಿರುಚಬಾರದು. ಆದರೆ ನಡೆಯಬೇಕು.

"ಆಪರೇಶನ್ ಚೆನ್ನಾಗಿ ಆಗಿದೆ. ನಡೆಸಿ ಸಾಕು" ಎಂದರು ಸರ್ಜನ್.

ನಾನು ಹೋದಾಗ ಹಾಲಮ್ಮ ಒಳಕೋಣೆಯ ಮಂಚದ ಮೇಲೆ ಅಂಗಾತ ಮಲಗಿದ್ದರು. ಎತ್ತರದ ಆಳು, ಬಿಸಿಲಿನಲ್ಲಿ ಮಾಗಿದ ಮುಖ. ತಲೆದಿಂಬಿನ ಎರಡೂ ಬದಿಗೆ ಕಂಬಳಿ ಸುತ್ತಿ ಒತ್ತು ಕೊಟ್ಟಿದ್ದರು, ಕತ್ತು ಹೊರಳದ ಹಾಗೆ. ನಿಂತಾಗ ಕಟ್ಟಿಕೊಳ್ಳಲೆಂದು ಕೊಟ್ಟ ಬೆಲ್ಟ್ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅವರ ಗಂಡ ಬೀರಪ್ಪ ಬಾಗಿಲಲ್ಲೇ ನಿಂತಿದ್ದರು. ಹೆಂಡತಿಗೆ ಊಟ ತಿನ್ನಿಸುವುದು, ತಲೆ ಬಾಚುವುದು ಎಲ್ಲ ಅವರೇ ಎಂದು ಸೊಸೆ ರೇಣುಕಾ ಹೇಳಿದಳು. ಬಗ್ಗಬೇಡ, ಎತ್ತಬೇಡ, ತಿರುಚಬೇಡ ಎಂದು ಆಸ್ಪತ್ರೆಯಲ್ಲಿ ಹೇಳಿದ ಮೂರು ಮಾತು ಆ ಮನೆಗೆ ಬರುವಷ್ಟರಲ್ಲಿ ಅಲುಗಾಡಬೇಡ ಎಂಬ ಒಂದೇ ಮಾತಾಗಿತ್ತು.

"ಎಕ್ಸ್‌ರೇ ನಾನೇ ನೋಡೀನ್ರೀ ಮೇಡಂ" ಎಂದರು ಬೀರಪ್ಪ. "ಟಿಲ್ಲರ್‌ಗೆ ಹಾಕ್ತಾರಲ್ಲ, ಅಂಥವೇ ಸ್ಕ್ರೂ ಅದಾವ. ಟಿಲ್ಲರ್ ಓಡಿದ್ರೆ ಸ್ಕ್ರೂ ಸಡ್ಲ ಆಗ್ತಾವು. ಇವಳು ಓಡಾಡಿದ್ರೆ ಆಗಲ್ವೇನ್ರೀ?"

ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ಬರಿಯ ಭಯವಿತ್ತು. ಮೂಳೆ ಜೀವ ಇರುವ ವಸ್ತು, ಅದರ ಮೇಲೆ ಮೈಭಾರ ಬಿದ್ದಷ್ಟೂ ಅದು ಗಟ್ಟಿಯಾಗುತ್ತದೆ, ಕಬ್ಬಿಣದ ಹಾಗಲ್ಲ ಎಂದು ನನಗೆ ತಿಳಿದ ಹಾಗೆ ವಿವರಿಸಿದೆ. ಹಾಲಮ್ಮನಿಗೆ ಲಾಗ್ ರೋಲ್ ಕಲಿಸಿದೆ. ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೆ, ಮರದ ದಿಮ್ಮಿ ಉರುಳಿದಂತೆ ಪಕ್ಕಕ್ಕೆ ಹೊರಳಿ, ಕೈ ಊರಿ ಏಳುವ ಕ್ರಮ ಅದು. ಬೆಲ್ಟ್ ಕಟ್ಟಿ ನಿಲ್ಲಿಸಿದೆ. ಬೆವರಿದರು, ನನ್ನ ತೋಳನ್ನು ಉಗುರು ಊರುವಂತೆ ಹಿಡಿದರು, ಆದರೂ ಹೊಸ್ತಿಲ ತನಕ ನಡೆದು ಬಂದರು. ದಿನಕ್ಕೆ ಹಲವು ಸಲ ಹೀಗೇ ನಡೆಯಬೇಕು, ಮಲಗಿದ್ದಾಗಲೂ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು, ನೀರು ಚೆನ್ನಾಗಿ ಕುಡಿಯಬೇಕು ಎಂದು ಹೇಳಿ ಬಂದೆ.

ಕೆಲವು ದಿನ ಬಿಟ್ಟು ಮತ್ತೆ ಹೋದಾಗ ಕೇಳಿದೆ. "ನಡೀತಾಳ್ರೀ" ಎಂದರು ಬೀರಪ್ಪ. "ನಡೀತೀನ್ರೀ" ಎಂದರು ಹಾಲಮ್ಮ. ರೇಣುಕಾ ಮಾತ್ರ ತಲೆ ತಗ್ಗಿಸಿ ಅಡುಗೆಮನೆಗೆ ಹೋದಳು. ಹಾಲಮ್ಮ ನನ್ನೆದುರು ನಾಲ್ಕು ಹೆಜ್ಜೆ ಇಟ್ಟೂ ತೋರಿಸಿದರು. ತುಟಿ ಒಣಗಿತ್ತು. ನೀರು ಕುಡಿಯಿರಿ ಎಂದು ಇನ್ನೊಮ್ಮೆ ಹೇಳಿದೆ.

ಮುಂದಿನ ವಾರ ನಾನು ಸೊರಬದಲ್ಲಿದ್ದ ಒಂದು ಬೆಳಿಗ್ಗೆ ರೇಣುಕಾಳ ಫೋನ್ ಬಂತು. ಪಿಸುದನಿ.

"ಮೇಡಂ, ಅತ್ತೇರಿಗೆ ಕಾಲು ನೋವಂತೆ. ನಿನ್ನೆಯಿಂದ. ದೊಡ್ಡತ್ತೆ ಬಂದಾರೆ. ಎಣ್ಣೆ ಕಾಸ್ತಾ ಅದಾರೆ."

ದೊಡ್ಡತ್ತೆ ಎಂದರೆ ಬೀರಪ್ಪನ ಅಕ್ಕ ಕೆಂಚಮ್ಮ. ಉಳುಕು, ಬಾಣಂತಿಯ ಸೊಂಟ, ಏನಿದ್ದರೂ ಸುತ್ತಲ ಜನ ಎಣ್ಣೆ ತೀಡಿಸಲು ಅವರನ್ನೇ ಕರೆಯುತ್ತಿದ್ದರು.

"ಒಂದು ಕಾಲೋ, ಎರಡೂ ಕಾಲೋ?" ಎಂದು ಕೇಳಿದೆ.

"ಎಡಗಾಲು ಒಂದೇ. ಮೀನಖಂಡ ಊದಿ ಬಿಗಿದೈತೆ. ಮುಟ್ಟಿದ್ರೆ ಬಿಸಿ."

ನಮ್ಮ ಓದಿನಲ್ಲಿ ಇದಕ್ಕೆ ಡೀಪ್ ವೇನ್ ಥ್ರಾಂಬೊಸಿಸ್ ಎನ್ನುತ್ತಾರೆ, ಚಿಕ್ಕದಾಗಿ ಡಿವಿಟಿ. ದೊಡ್ಡ ಆಪರೇಶನ್ ಆದವರು ಅಲುಗಾಡದೆ ಮಲಗಿದರೆ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಮೈಯಲ್ಲಿ ನೀರು ಕಡಿಮೆಯಾದರೆ ಇನ್ನೂ ಹೆಚ್ಚು. ಆ ಹೆಪ್ಪು ಕಾಲಲ್ಲೇ ಇದ್ದರೆ ನೋವು, ಬಾವು. ಒಂದು ಚೂರು ಕಿತ್ತು ಮೇಲೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ, ಮಾತಾಡುತ್ತಿದ್ದವರು ಮಾತಾಡುತ್ತಲೇ ಹೋಗಿಬಿಡಬಹುದು. ಅಂಥ ಕಾಲನ್ನು ಬಿಸಿ ಎಣ್ಣೆ ಹಾಕಿ ತೀಡುವುದೆಂದರೆ ಆ ಚೂರನ್ನು ಕೈಯಾರೆ ಮೇಲಕ್ಕೆ ತಳ್ಳಿದಂತೆ.

"ರೇಣುಕಾ, ಆ ಕಾಲನ್ನು ಯಾರೂ ಮುಟ್ಟಬಾರದು. ತೀಡಿದರೆ ಜೀವಕ್ಕೇ ಅಪಾಯ. ಅವರನ್ನು ನಡೆಸಲೂ ಬೇಡ. ಮಲಗಿದಲ್ಲೇ ಇರಲಿ. ನಾನು ಹೊರಟೆ."

"ನನ್ ಮಾತು ಯಾರು ಕೇಳ್ತಾರೆ ಮೇಡಂ? ಮಾವ ಕುರಿ ಹಿಂದೆ ಹೋಗ್ಯಾರೆ."

"ದೊಡ್ಡತ್ತೆ ಕೈಗೆ ಫೋನ್ ಕೊಡು."

ಕೆಂಚಮ್ಮನ ದನಿ ಗಟ್ಟಿಯಾಗಿತ್ತು. "ಯಾರವ್ವ ನೀನು? ನಾನು ಊರಿಗೆಲ್ಲ ತೀಡೀನಿ. ನೀವು ನಡಿಸಿ ನಡಿಸಿ ಕಾಲು ಊದಿಸೀರಿ. ಅದನ್ನ ಇಳಿಸೋದು ನಂಗೆ ಗೊತ್ತೈತಿ." ಅಷ್ಟರಲ್ಲಿ ಕರೆ ಕಡಿಯಿತು. ಮತ್ತೆ ಮಾಡಿದರೆ ಹೋಗಲೇ ಇಲ್ಲ.

ಆಂಬುಲೆನ್ಸ್‌ಗೆ ಊರಿನ ಗುರುತು ಹೇಳಿದೆ. ಸರ್ಜನ್‌ಗೆ ಫೋನ್ ಮಾಡಿದೆ. "ತಕ್ಷಣ ಕಳಿಸಿ, ಡಾಪ್ಲರ್ ಸಿದ್ಧ ಇಟ್ಟಿರ್ತೀನಿ" ಎಂದರು. ಕಾಯುತ್ತಿದ್ದ ರೋಗಿಗಳಿಗೆ ಕ್ಷಮೆ ಕೇಳಿ ಕಾರು ಹತ್ತಿದೆ. ಸೊರಬದಿಂದ ಶಿರಾಳಕೊಪ್ಪ, ಅಲ್ಲಿಂದ ತೊಗರ್ಸಿ. ದಿನವೂ ಓಡಾಡುವ ದಾರಿ. ಅವತ್ತು ಪ್ರತಿ ತಿರುವಿನಲ್ಲೂ ಒಂದು ಟ್ರ್ಯಾಕ್ಟರ್, ಪ್ರತಿ ರಸ್ತೆಯುಬ್ಬಿನಲ್ಲೂ ಒಂದು ಬಸ್ಸು ಅಡ್ಡ. ದಾರಿಯುದ್ದಕ್ಕೂ ರೇಣುಕಾಳ ನಂಬರ್ ಒತ್ತುತ್ತಲೇ ಇದ್ದೆ. ಶಿರಾಳಕೊಪ್ಪದ ಸಂದಣಿಯಲ್ಲಿ ನಿಂತಾಗ ನನ್ನ ಕಣ್ಣಮುಂದೆ ಎರಡು ಎಣ್ಣೆಗೈಗಳು ಹಿಮ್ಮಡಿಯಿಂದ ಮಂಡಿಯ ಕಡೆಗೆ ಜಾರುತ್ತಿದ್ದವು.

ಮನೆ ಮುಟ್ಟಿದಾಗ ಅಂಗಳದಲ್ಲಿ ಜನ ಸೇರಿದ್ದರು. ಕೆಂಚಮ್ಮ ಜಗಲಿಯ ಮೇಲೆ ಕೂತು ಏರುದನಿಯಲ್ಲಿ ಬೈಯುತ್ತಿದ್ದರು. "ನನ್ ಕೈಯಾಗಿನ ಬಟ್ಟಲ ಕಸ್ಗೊಂಡು ತಿಪ್ಪಿಗೆ ಚೆಲ್ಲಿದ್ಳು! ಮದುವಿಯಾಗಿ ಬಂದೋಳು, ನಂಗೆ ಬುದ್ಧಿ ಹೇಳ್ತಾಳೆ!" ಒಳಕೋಣೆಯ ಬಾಗಿಲಿಗೆ ಅಡ್ಡವಾಗಿ, ಎರಡೂ ಕೈಯಲ್ಲಿ ಚೌಕಟ್ಟು ಹಿಡಿದು ರೇಣುಕಾ ನಿಂತಿದ್ದಳು. ಅಳುತ್ತಿದ್ದಳು, ಆದರೆ ಜಾಗ ಬಿಟ್ಟಿರಲಿಲ್ಲ. ಕೆಂಚಮ್ಮ ಪದ್ಧತಿಯಂತೆ ಬಲಗಾಲಿನಿಂದ ಶುರು ಮಾಡಿದ್ದರಂತೆ. ಅದನ್ನು ಮುಗಿಸಿ ಎಡಗಾಲಿಗೆ ಕೈ ಹಾಕುವಾಗ ಇವಳು ಬಟ್ಟಲು ಕಿತ್ತುಕೊಂಡಿದ್ದಳು.

ಎಡಗಾಲು ರೇಣುಕಾ ಹೇಳಿದಂತೆಯೇ ಇತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು. ಉಸಿರಾಡಲು ಕಷ್ಟವಿದೆಯೇ, ಎದೆ ನೋವಿದೆಯೇ ಎಂದು ಹಾಲಮ್ಮನನ್ನು ಕೇಳಿದೆ. ಇಲ್ಲವೆಂದರು. ಆ ಹೊತ್ತಿಗೆ ಆಂಬುಲೆನ್ಸ್ ಬಂತು. ಅದರ ಹಿಂದೆಯೇ ಯಾರೋ ಸುದ್ದಿ ಮುಟ್ಟಿಸಿದ್ದರಿಂದ ಬೀರಪ್ಪನೂ ಓಡಿಬಂದರು. ಸ್ಟ್ರೆಚರ್ ಕಂಡದ್ದೇ ತಡೆದರು.

"ಎಲ್ಲೀಗೂ ಬ್ಯಾಡ್ರೀ. ಈ ರಸ್ತ್ಯಾಗೆ ಗಾಡಿ ಕುಲುಕಿದ್ರೆ ಸ್ಕ್ರೂ ಉಳೀತಾವೇನ್ರೀ? ನೀವು ನಡೆಸಿದ್ದಕ್ಕೇ ಹಿಂಗಾತು. ಇನ್ನು ಸಾಕು ಬಿಡ್ರೀ."

ಹೆಪ್ಪಿನ ವಿಷಯ ಹೇಳಿದೆ. ಅವರು ನನ್ನ ಮುಖವನ್ನೂ ನೋಡಲಿಲ್ಲ. ಒಂದೊಂದು ಕ್ಷಣವೂ ನನಗೆ ಭಾರವಾಗುತ್ತಿತ್ತು. ಆಗ ಒಳಗಿನಿಂದ ಹಾಲಮ್ಮನ ದನಿ ಕೇಳಿಸಿತು.

"ಅವರಿಗ್ಯಾಕೆ ಅಂತೀರಿ? ನಾನು ನಡದೇ ಇಲ್ಲ."

ಬೀರಪ್ಪ ಒಳಕೋಣೆಯ ಕಡೆ ತಿರುಗಿದರು.

"ಮೇಡಂ ಬಂದಾಗ ಎದ್ದಿದ್ದು ಅಷ್ಟೇ. ನೀರೂ ಕುಡದಿಲ್ಲ. ಕುಡದ್ರೆ ಹೊರಗೆ ಹೋಗ್ಬೇಕಾಗ್ತತಿ. ಮಲಗಿದಲ್ಲೇ ಪಾತ್ರೆ ಕೊಟ್ಟು, ಅದನ್ನ ಆ ಹುಡುಗಿ ಎತ್ತಬೇಕು. ನನ್ ಕೈಲಿ ಆಗ್ಲಿಲ್ಲ." ಅವರ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. "ಹೋಗ್ತೀನಿ. ಕರ್ಕೊಂಡ್ ಹೋಗ್ರೀ."

ಬೀರಪ್ಪ ಸ್ಟ್ರೆಚರ್‌ನ ಒಂದು ತುದಿಗೆ ಕೈ ಕೊಟ್ಟರು.

ಶಿವಮೊಗ್ಗದಲ್ಲಿ ಡಾಪ್ಲರ್ ಮಾಡಿದರು. ರಕ್ತನಾಳದಲ್ಲಿ ರಕ್ತದ ಹರಿವನ್ನು ತೋರಿಸುವ ಸ್ಕ್ಯಾನ್ ಅದು. ಮಂಡಿಯ ಹಿಂಭಾಗದ ತನಕ ಹೆಪ್ಪು ಇತ್ತು. ಮದ್ದು ರಕ್ತ ತೆಳುವಾಗಿಸುವ ಇಂಜೆಕ್ಷನ್. ಆದರೆ ಬೆನ್ನಿನ ಆಪರೇಶನ್ ಆಗಿ ಹೆಚ್ಚು ದಿನವಾಗಿರಲಿಲ್ಲ. ರಕ್ತ ತೆಳುವಾದರೆ ಆಪರೇಶನ್ ಮಾಡಿದ ಜಾಗದಲ್ಲಿ ಒಳಗೇ ರಕ್ತ ಸುರಿದು ನರಗಳನ್ನು ಒತ್ತಬಹುದು, ಕಾಲುಗಳ ಶಕ್ತಿಯೇ ಹೋಗಬಹುದು. ಕೊಡದಿದ್ದರೆ ಶ್ವಾಸಕೋಶದ ಭಯ. ಸರ್ಜನ್ ಇನ್ನಿಬ್ಬರೊಡನೆ ಕೂತು ಚರ್ಚಿಸಿ, ಕೊಡುವುದೇ ಸರಿ ಎಂದು ನಿರ್ಧರಿಸಿದರು. ಬೀರಪ್ಪನಿಗೆ ಎರಡೂ ಅಪಾಯಗಳನ್ನು ಬಿಡಿಸಿ ಹೇಳಿದರು. ಅವರು ನನ್ನತ್ತ ತಿರುಗಿ, "ನಿಮ್ ಅಕ್ಕ ಆಗಿದ್ರೆ ಕೊಡಿಸ್ತಿದ್ರೇನ್ರೀ?" ಎಂದರು.

"ಕೊಡಿಸ್ತಿದ್ದೆ" ಎಂದೆ.

ಆ ಸಂಜೆಯೆಲ್ಲ ನಾನು ವಾರ್ಡಿನಲ್ಲೇ ಕೂತಿದ್ದೆ. ನರ್ಸ್ ಬಂದಾಗೊಮ್ಮೆ "ಕಾಲ್ಬೆರಳು ಆಡಿಸಿ" ಎನ್ನುವರು, ಅವರು ಹೋದ ಮೇಲೆ ನಾನೂ ಒಮ್ಮೆ ಹೇಳುವೆ. ಹಾಲಮ್ಮನ ಹೆಬ್ಬೆರಳು ಮೇಲೆದ್ದು ಇಳಿಯುವುದನ್ನು ಬೀರಪ್ಪ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು. ಒಮ್ಮೆ ಅದು ಏಳುವುದು ತಡವಾಯಿತು. ನಾನೂ ಅವರೂ ಒಟ್ಟಿಗೇ ಎದ್ದು ನಿಂತೆವು. "ನಿದ್ದಿ ಬಂದಿತ್ರೀ" ಎಂದರು ಹಾಲಮ್ಮ.

ಬೆನ್ನು ಗಟ್ಟಿಯಾಗಿಯೇ ಉಳಿಯಿತು. ಕಾಲಿನ ಬಾವು ನಿಧಾನಕ್ಕೆ ಇಳಿಯಿತು. ಗುಳಿಗೆಗಳೊಂದಿಗೆ ಮನೆಗೆ ಕಳಿಸಿದರು. ಈಗ ನಡೆಯಬಹುದು, ನಡೆಯಲೇಬೇಕು ಎಂದು ಸರ್ಜನ್ ಒತ್ತಿ ಹೇಳಿದರು. ಆದರೆ ಆ ಮನೆಯಲ್ಲಿ ಮೊದಲು ಸ್ಕ್ರೂಗಳ ಒಂದೇ ಭಯವಿದ್ದದ್ದು ಈಗ ಹೆಪ್ಪಿನದೂ ಸೇರಿ ಎರಡಾಗಿತ್ತು. ನಾನು ಸ್ವಲ್ಪ ಜಾಣತನ ತೋರಿಸಲು ಹೋಗಿ ಬೀರಪ್ಪನನ್ನು ಕೇಳಿದೆ: "ಮಂದೆಯಲ್ಲಿ ಕುರಿ ಬಿದ್ದುಕೊಂಡರೆ ಏನು ಮಾಡ್ತೀರಿ?"

"ಎತ್ತಿ ನಿಲ್ಲಿಸ್ತೀವ್ರೀ."

"ಮತ್ತೆ?"

"ಕುರಿಗೆ ಯಾರೂ ಸ್ಕ್ರೂ ಹಾಕಿರಲ್ಲಲ್ರೀ" ಎಂದರು.

ಜಾಣತನ ಅಲ್ಲಿಗೆ ಮುಗಿಯಿತು. ನನಗೆ ದಾರಿ ತೋರಿಸಿದ್ದು ಅವತ್ತು ಆಂಬುಲೆನ್ಸ್ ಎದುರು ಹಾಲಮ್ಮ ಹೇಳಿದ ಮಾತು. ಅವರಿಗೆ ಬೇಕಾಗಿದ್ದದ್ದು ವ್ಯಾಯಾಮವಲ್ಲ, ತನ್ನ ಕಾಲ ಮೇಲೆ ಹಿತ್ತಲಿನ ಕಕ್ಕಸಿಗೆ ಹೋಗಿ ಬರುವುದು. ಅಲ್ಲಿ ಕುಕ್ಕರಗಾಲಲ್ಲಿ ಕೂರಬೇಕಿತ್ತು, ಅದು ಬೆನ್ನಿಗೆ ಆಗದು. ಕೂರಲು ಎತ್ತರವಾಗಿರುವ ಕಮೋಡ್ ಕುರ್ಚಿಯೊಂದನ್ನು ತರಿಸಿ ಅಲ್ಲಿಟ್ಟೆವು. ಹಿತ್ತಲ ಬಾಗಿಲಿನ ಮೆಟ್ಟಿಲಿಗೆ ಬೀರಪ್ಪ ತಾವೇ ಬಿದಿರಿನ ಹಿಡಿಕೆ ಕಟ್ಟಿದರು, ಜೋತುಬಿದ್ದು ಎಳೆದು ಪರೀಕ್ಷೆಯನ್ನೂ ಮಾಡಿದರು. ಬೆಲ್ಟ್ ಕಟ್ಟಿ ಹಾಲಮ್ಮ ಎದ್ದು ನಿಂತಾಗ ಬೀರಪ್ಪನ ಅಂಗೈಯನ್ನು ಹೆಂಡತಿಯ ಬೆನ್ನಿನ ಮೇಲೆ ಇಡಿಸಿದೆ. "ನಡೆಯುವಾಗ ಏನಾದರೂ ಅಲುಗಾಡಿದರೆ ನಿಮಗೇ ಗೊತ್ತಾಗುತ್ತೆ" ಎಂದೆ.

ಹಾಲಮ್ಮ ಗೋಡೆ ಹಿಡಿದು ನಡೆದರು. ಬೀರಪ್ಪ ಕೈ ತೆಗೆಯದೆ, ಉಸಿರು ಬಿಗಿಹಿಡಿದು ಹಿಂದೆಯೇ ನಡೆದರು. ಕಕ್ಕಸಿನ ಬಾಗಿಲಲ್ಲಿ ಹಾಲಮ್ಮ ತಿರುಗದೆಯೇ, "ಇಲ್ಲಿಗಾದ್ರೂ ಬಿಡ್ರೀ ನನ್ನ" ಎಂದರು. ಅಡುಗೆಮನೆಯಲ್ಲಿದ್ದ ರೇಣುಕಾ ನಕ್ಕಳು. ಆ ಮನೆಯಲ್ಲಿ ನಾನು ಕೇಳಿದ ಮೊದಲ ನಗು. ಅಂದಿನಿಂದ ಹಾಲಮ್ಮ ನೀರು ಕುಡಿಯತೊಡಗಿದರು. ನೀರು ಕುಡಿದರೆ ಏಳಲೇಬೇಕು, ಎದ್ದರೆ ನಡೆಯಲೇಬೇಕು. ನನಗೆ ಹೇಳುವ ಕೆಲಸವೇ ಉಳಿಯಲಿಲ್ಲ. ಹಿತ್ತಲಾಯಿತು, ಅಂಗಳವಾಯಿತು, ಆಮೇಲೆ ಕುರಿದೊಡ್ಡಿಯ ಸುತ್ತ. ಕೆಂಚಮ್ಮ ಬಹಳ ದಿನ ರೇಣುಕಾಳೊಡನೆ ಮಾತು ಬಿಟ್ಟಿದ್ದರು. ಹಾಲಮ್ಮ ತಾವೇ ನಡೆದು ಅವರ ಮನೆಗೆ ಹೋಗಿ ಕರೆದು ತಂದರಂತೆ.

ಮರುವರ್ಷದ ಎಕ್ಸ್‌ರೇಯಲ್ಲಿ ಎರಡು ಮಣಿಗಳೂ ಕೂಡಿ ಒಂದಾಗಿದ್ದವು. ಆಮೇಲೊಂದು ದಿನ ತೊಗರ್ಸಿ ರಸ್ತೆಯಲ್ಲಿ ಕುರಿಮಂದೆಯೊಂದು ಅಡ್ಡ ಬಂದು ಕಾರು ನಿಲ್ಲಿಸಿದೆ. ಮುಂದೆ ಹಾಲಮ್ಮ, ಕೋಲು ಹಿಡಿದು, ನೆಟ್ಟಗೆ. ಹಿಂದೆ ಬೀರಪ್ಪ, ಎರಡೂ ಕಂಕುಳಲ್ಲಿ ಒಂದೊಂದು ಮರಿ. ಎತ್ತುವ ಕೆಲಸವೆಲ್ಲ ಈಗ ಅವರದು. ಎಲ್ಲಿಗೆ ಎಂದು ಕೇಳಿದೆ. "ಕೆರೆ ಏರಿ ಮಟ ರೀ. ಅಲ್ಲಿಂದ ನಮ್ ಹೊಲದ ಮ್ಯಾಲೆ ಹಾಯ್ದು, ಹೊಳ್ಳಿ ಮನೀಗೆ" ಎಂದು ಹಾಲಮ್ಮ ಕೋಲಿನಿಂದಲೇ ದಾರಿಯಷ್ಟನ್ನೂ ತೋರಿಸಿದರು.

ಆ ಕೇಸಿನ ನಂತರ ನಾನು ಯಾವ ರೋಗಿಯನ್ನೂ "ನಡೆದಿರಾ?" ಎಂದು ಕೇಳುವುದಿಲ್ಲ. ಹೆದರಿದವರಿಗೆ ಆ ಪ್ರಶ್ನೆಗೆ ಹೌದು ಎನ್ನುವುದು ಬಹಳ ಸುಲಭ. "ಎಲ್ಲಿಗೆ ನಡೆದಿರಿ?" ಎಂದು ಕೇಳುತ್ತೇನೆ. ನಡೆದವರು ಉತ್ತರಕ್ಕೆ ತಡಕಾಡುವುದಿಲ್ಲ. ತಡಕಾಡಿದರೆ ನಾನು ಚಪ್ಪಲಿ ಬಿಟ್ಟು, ಮಂಚದ ಪಕ್ಕ ಕೂತು, ಅವರಿಗೆ ಎಲ್ಲಿಗೆ ಹೋಗಬೇಕೆನಿಸಿದೆ ಎಂದು ಮೊದಲು ವಿಚಾರಿಸುತ್ತೇನೆ.