ಅತ್ತೆಗೆ ಬಡಿಸಿದ ಹಳಸಿದ ಸಾರು

ಹಳಸಿದೆ ಎಂದು ಗೊತ್ತಿದ್ದೇ ಆ ಕೋಳಿ ಸಾರನ್ನು ನಮ್ಮತ್ತೆಗೆ ಬಡಿಸಿದೆ. ಮರೆತು ಅಲ್ಲ, ಬೇಕೆಂದೇ. ಒಂದೇ ಸಲ ಅಲ್ಲ—ಮೂರು ಸಲ. ಮೂರನೆಯ ಸಲ ಅದು ನನ್ನ ಮಗಳ ಹೊಟ್ಟೆಗೂ ಹೋಯಿತು. ತಪ್ಪು ಅತ್ತೆಯ ತಲೆಯ ಮೇಲೆ ಬಂದಾಗ ನಾನು ಬಾಯಿ ಬಿಡಲಿಲ್ಲ.

ನಮ್ಮದು ತೊಣ್ಣೂರು ಕೆರೆಯ ಹತ್ತಿರದ ಊರು. ಹಿತ್ತಿಲ ತುಂಬ ಕೋಳಿ, ಕೊಟ್ಟಿಗೆಯ ಪಕ್ಕ ನಾಲ್ಕು ಕುರಿ. ಈ ಮನೆಗೆ ಮೊಟ್ಟೆಯನ್ನಾಗಲಿ ಮಾಂಸವನ್ನಾಗಲಿ ಹೊರಗಿನಿಂದ ತಂದದ್ದೇ ಇಲ್ಲ. ಅಡುಗೆಮನೆಯನ್ನು ಆಳುತ್ತಿದ್ದದ್ದು ಅತ್ತೆಯ ಮೂಗು. ಮುಚ್ಚಳ ತೆಗೆದು ಒಮ್ಮೆ ಬಗ್ಗಿದರೆ ಸಾಕು, ಬಾಯಿಗೆ ಇಡದೆಯೇ ಉಪ್ಪು ಕಮ್ಮಿ, ಕಾಯಿ ಹಳೇದು ಎಂದು ಹೇಳಿಬಿಡುತ್ತಿದ್ದರು. ನಾನು ಮದುವೆಯಾಗಿ ಬಂದ ವರ್ಷ, ಕೆ.ಆರ್. ಪೇಟೆಯಿಂದ ನಾದಿನಿ ಮನೆಯವರೆಲ್ಲ ಊಟಕ್ಕೆ ಬಂದಿದ್ದ ದಿನ, ನಾನು ಮಾಡಿದ ಸಾರಿಗೆ ಬಗ್ಗಿ ಮುಖ ಸಿಂಡರಿಸಿದರು.

"ಕೋಳಿ ಸರಿಯಾಗಿ ಸುಟ್ಟಿಲ್ಲ ಕಣಮ್ಮಿ, ಕವುಚು ವಾಸ್ನೆ ಒಡೀತೈತೆ. ಇದ್ನ ಯಾರ್ ತಿಂತಾರೆ?"

ಪಾತ್ರೆಯನ್ನೇ ಎತ್ತಿಕೊಂಡು ಹೋಗಿ ತಿಪ್ಪೆಗೆ ಸುರಿದು ಬಂದರು. ನಾದಿನಿಯ ಗಂಡ ತಲೆ ತಗ್ಗಿಸಿ ನಕ್ಕದ್ದು ನನಗೆ ಕಂಡಿತು. ಆ ನಗುವನ್ನು ನಾನು ಎಷ್ಟು ವರ್ಷ ಒಳಗೆ ಇಟ್ಟುಕೊಂಡಿದ್ದೆನೋ—

ಆಮೇಲೊಂದು ಬೇಸಿಗೆ ಅತ್ತೆಗೆ ಜ್ವರ ಬಂದು ಹೋಯಿತು. ಕೆಲವು ದಿನ ಕಳೆದ ಮೇಲೆ, ಕಾವಿಗೆ ಕೂತ ಕೋಳಿಯ ಮಂಕರಿಗೆ ಕೈ ಹಾಕಿದಾಗ ಕೊಳೆತ ಮೊಟ್ಟೆಯೊಂದು ನನ್ನ ಕೈಯಲ್ಲೇ ಒಡೆಯಿತು. ಹಸಿರುಗಪ್ಪು ನೀರು ಮೊಣಕೈವರೆಗೂ ಇಳಿಯಿತು. ನಾನು ಇನ್ನೊಂದು ಕೈಯಲ್ಲಿ ಸೆರಗು ಎಳೆದು ಮೂಗು ಬಾಯಿ ಮುಚ್ಚಿಕೊಂಡೆ. ಅತ್ತೆ ಮಾತ್ರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, "ಯಾಕಮ್ಮಿ ಅಂಗೆ ಬಾಯಿ ಮುಚ್ಕಂಡಿದ್ದೀಯ?" ಎಂದರು.

ಆಗ ತಿಳಿಯಿತು. ಅವರ ಮೂಗು ಹೋಗಿತ್ತು. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಪಾತ್ರೆಯ ಮುಚ್ಚಳ ತೆಗೆದು ಈಗಲೂ ಬಗ್ಗುತ್ತಿದ್ದರು, ಆದರೆ ಬಗ್ಗಿದ ಮೇಲೆ ನಮ್ಮ ಮುಖ ನೋಡುತ್ತಿದ್ದರು.

ನಾನು ಮರುಗಬೇಕಿತ್ತು. ಮರುಗಲಿಲ್ಲ. ಫ್ರಿಜ್ಜಿಗೆ ಇಡಲು ಮರೆತ ಸಾರು ಒಂದು ಮಧ್ಯಾಹ್ನ ಬಿಳಿ ನೊರೆ ಕಟ್ಟಿತ್ತು. ಸೌಟು ಇಟ್ಟರೆ ಲೋಳೆಯಾಗಿ ಎಳೆ ಬರುತ್ತಿತ್ತು. ಚೆಲ್ಲಲು ಎತ್ತಿಕೊಂಡವಳು ಒಲೆಯ ಮೇಲಿಟ್ಟೆ. ಕುದಿಸಿ ಅತ್ತೆಯ ಮುದ್ದೆಗೆ ಬಡಿಸಿ, ಉಳಿದವರಿಗೆ ಮೊಟ್ಟೆ ಸಾರು ಮಾಡಿದೆ. ಅವರು ಮೂಳೆಯನ್ನೂ ಬಿಡದೆ ಚೀಪಿದರು.

"ಟಮಾಟೆ ಒಸಿ ಮುಂದಾಗೈತೆ. ಆದ್ರೂ ನಿನ್ ಕೈಗೂ ರುಚಿ ಬಂತು ಬುಡು."

ನನಗೆ ಸಂತೋಷವಾಯಿತು. ಈ ಮಾತು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ, ಆದರೆ ಸಂತೋಷವಾದದ್ದು ನಿಜ. ಎರಡನೆಯ ಸಲ ಅವರು ಇಡೀ ದಿನ ಹೊಟ್ಟೆ ಹಿಡಿದುಕೊಂಡು ಓಡಾಡಿದರು. ಗ್ಯಾಸು ಎಂದು ಅವರೇ ಅಂದುಕೊಂಡರು. ಅದನ್ನು ಕಂಡ ಮೇಲೂ ನಾನು ಮೂರನೆಯ ಸಲ ಬಡಿಸಿದೆ.

ಆ ದಿನ ನಾನು ನಲ್ಲಿಯ ಹತ್ತಿರ ಪಾತ್ರೆ ತೊಳೆದು ಒಳಗೆ ಬಂದರೆ, ಮೂರು ವರ್ಷದ ಮಗಳು ಅಜ್ಜಿಯ ತೊಡೆಯ ಮೇಲಿದ್ದಳು. ಅಜ್ಜಿ ತಮ್ಮ ತಟ್ಟೆಯ ಮುದ್ದೆಯನ್ನು ಚಿಕ್ಕ ಚಿಕ್ಕದಾಗಿ ಮುರಿದು ಸಾರಿನಲ್ಲಿ ಅದ್ದಿ ತಿನ್ನಿಸುತ್ತಿದ್ದರು. ತಟ್ಟೆಯಲ್ಲಿ ಇನ್ನೂ ಎರಡು ತುತ್ತು ಉಳಿದಿತ್ತು. ಬೇಡ ಎನ್ನಬಹುದಿತ್ತು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ—ನಾನು ಸುಮ್ಮನೆ ನಿಂತೆ. ಆ ಎರಡು ತುತ್ತನ್ನೂ ನನ್ನ ಮಗಳು ನನ್ನ ಕಣ್ಣೆದುರಿಗೇ ನುಂಗಿದಳು.

ಸಂಜೆಯ ಹೊತ್ತಿಗೆ ವಾಂತಿ, ಭೇದಿ. ಮಗು ಬಟ್ಟೆಯಂತೆ ಜೋತುಬಿದ್ದಿತು. ಪಾಂಡವಪುರದ ಆಸ್ಪತ್ರೆಯಲ್ಲಿ ಡ್ರಿಪ್ಪು ಹಾಕಿ, ಮಗು ಏನು ತಿಂದಿತ್ತು ಎಂದು ಡಾಕ್ಟರು ಕೇಳಿದರು.

"ನಂಗೊತ್ತಿಲ್ಲ ಸಾರ್. ಅವರಜ್ಜಿ ಏನೋ ತಿನ್ನಿಸ್ತಿದ್ರು."

ಇಷ್ಟೇ ನಾನು ಆಡಿದ ಮಾತು. ಗಂಡ ತಾಯಿಯತ್ತ ತಿರುಗಿ ನೋಡಿದರು. ನಾದಿನಿ ಓಡಿ ಬಂದವಳೇ, "ಕೋಳಿ ಗೂಡಿಗೆ ಕೈ ಆಕ್ಬುಟ್ಟು ಅಂಗೇ ತಿನ್ನಿಸ್ದೇನವ್ವ ಮಗೀಗೆ?" ಎಂದು ಕೇಳಿದಳು.

ಅತ್ತೆ ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಇರ್ಬೋದು ಕಣವ್ವ. ನಂಗೆ ಮೂಗು ಓಗೈತೆ, ಯಾವ ವಾಸ್ನೆನೂ ತಿಳಿಯಕಿಲ್ಲ. ಯೋಳುದ್ರೆ ಒಲೆ ಮುಂದ್ಕೆ ಬುಡಾಕಿಲ್ಲ ಅಂತ ಮುಚ್ಚಿಟ್ಕಂಡಿದ್ದೆ. ತಪ್ಪು ನಂದೇಯ."

ತಪ್ಪೇ ಮಾಡದ ಅವರು ಆಸ್ಪತ್ರೆಯಲ್ಲಿ ಎಲ್ಲರೆದುರು ಒಪ್ಪಿಕೊಂಡರು. ನಾನು ಡ್ರಿಪ್ಪಿನ ನಳಿಗೆಯನ್ನೇ ನೋಡುತ್ತಾ ಕೂತಿದ್ದೆ. ಅವರ ಹೊಟ್ಟೆಯೂ ಕೆಟ್ಟಿತ್ತು, ಆಗಾಗ ಎದ್ದು ಹೋಗಿ ಬರುತ್ತಿದ್ದದ್ದು ನನಗೆ ಕಂಡಿತ್ತು. ಅದನ್ನು ಅವರು ಯಾರಿಗೂ ಹೇಳಲಿಲ್ಲ.

ಮಗು ಉಳಿಯಿತು. ಅತ್ತೆ ಮತ್ತೆ ಒಲೆಯ ಮುಂದೆ ಕೂರಲಿಲ್ಲ. ಮೊಮ್ಮಗಳಿಗೆ ಒಂದು ತುತ್ತನ್ನೂ ತಿನ್ನಿಸಲಿಲ್ಲ. ಅವರು ನಲ್ಲಿಯ ಹತ್ತಿರ ನಿಂತು ಸೋಪು ಹಾಕಿ ಹಾಕಿ ಕೈ ಉಜ್ಜುವುದನ್ನು ಮೂರು ವರ್ಷದಿಂದ ನೋಡುತ್ತಿದ್ದೇನೆ. ಬೆರಳ ಸಂದಿಯಲ್ಲಿ ಚರ್ಮ ಬಿಳುಚಿಕೊಂಡು ಸುಲಿದಿದೆ.

ಮೊನ್ನೆ ಏನು ಆಸೆಯಾಯಿತೋ, ಬೇಯಿಸಿದ ಮೊಟ್ಟೆಯೊಂದನ್ನು ಸುಲಿದು ಮೊಮ್ಮಗಳ ಮುಂದೆ ಹಿಡಿದರು. ಅವಳಿಗೀಗ ಆರು ವರ್ಷ. ಹಿಂದಕ್ಕೆ ಸರಿದು, "ಅಜ್ಜಿ ಕೈದು ಬ್ಯಾಡ, ಗಲೀಜು" ಎಂದಳು. ಯಾರು ಹೇಳಿಕೊಟ್ಟರು ಎಂದು ಯಾರನ್ನು ಕೇಳಲಿ?

ಅತ್ತೆ ಮೊಟ್ಟೆಯನ್ನು ತಟ್ಟೆಗೆ ಹಾಕಿ ನನ್ನ ಕಡೆ ಸರಿಸಿದರು.

"ಊಂ ಕಣ್ ಮಗ. ನಿಮ್ಮವ್ವನ ಕೈಲಿ ತಿನ್ನು."

ಮಗಳು ನನ್ನ ಕೈಯಿಂದ ತಿಂದಳು.

ಭಾನುವಾರ ನಾದಿನಿಯನ್ನೂ ಅವಳ ಗಂಡನನ್ನೂ ಊಟಕ್ಕೆ ಬರಹೇಳಿದ್ದೇನೆ. ಅತ್ತೆಗೊಬ್ಬರಿಗೇ ಗುಟ್ಟಾಗಿ ಹೇಳಿ ಕಾಲು ಹಿಡಿದರೆ ಅವರು ಕ್ಷಮಿಸಿಬಿಡುತ್ತಾರೆ, ಬೇರೆ ಯಾರಿಗೂ ಹೇಳಬೇಡ ಎಂದೂ ಅನ್ನುತ್ತಾರೆ—ಅದು ನನಗೆ ಗೊತ್ತು. ಅದಕ್ಕೇ ಎಲ್ಲರೂ ತಟ್ಟೆಯ ಮುಂದೆ ಕೂತಾಗ ಹೇಳುತ್ತೇನೆ. ಮಗಳನ್ನು ಆಚೆಗೆ ಕಳಿಸುವುದಿಲ್ಲ.