ಹೋಳಿಗೆ ತಿಂದ ತಿಜೋರಿ

ರೋಣದ ಯಮನೂರಸಾಬನ ಮನೆಗೆ ಕಳ್ಳ ನುಗ್ಗಿದರೆ, ಪಾಪ, ಅವನೇ ಗಾಬರಿಯಾಗಬೇಕು. ಪಡಸಾಲೆಯ ಗೋಡೆ ತುಂಬ ಕೀಲಿಗಳು, ಕೀಲಿಕೈಯಲ್ಲ, ಬೀಗಗಳೇ, ಒಟ್ಟು ನಲವತ್ತೊಂದು! ಒಂದು ಗಜೇಂದ್ರಗಡದ ಸೀರೆ ಸಾಹುಕಾರನ ತಿಜೋರಿಯದು, ಇನ್ನೊಂದು ನರೇಗಲ್ಲಿನ ಹತ್ತಿ ಅಂಗಡಿಯದು, ಎಲ್ಲವೂ ಅಜ್ಜಂದಿರ ಕಾಲದವು. ಮನೆಯ ಬಾಗಿಲಿಗೆ ಮಾತ್ರ ಹಗ್ಗ ಕಟ್ಟುತ್ತಾರೆ. ಬಜಾರಿನಲ್ಲಿ ಊರವರ ಕೀಲಿ ರಿಪೇರಿ ಮಾಡುವವನಿಗೆ ತನ್ನ ಬಾಗಿಲಿನ ಚಿಂತೆ ಎಲ್ಲಿಯದು?

“ಮಂದಿ ಮನಿಗೆ ಬಂಗಾರ ತರ್ತಾರ. ನೀವು ಬಂಗಾರ ಇಟ್ಟಿದ್ದ ಪೆಟಗಿ ಕೀಲಿ ತರ್ತೀರಿ,” ಎಂದು ಹೆಂಡತಿ ಕಾಶೀಂಬಿ ಧೂಳು ಒರೆಸುತ್ತಲೇ ಬೈಯುತ್ತಾಳೆ.

ಒಂದು ಮಧ್ಯಾಹ್ನ ನರಗುಂದದ ಕಾಳಿನ ವ್ಯಾಪಾರಿ ಕಳಕೇಶನ ಫೋನ್ ಬಂತು. “ಸಾಬರ, ಅಜ್ಜನ ತಿಜೋರಿ ಗುಜರಿಗೆ ಹಾಕಾಕತ್ತೇನ್ರಿ. ನಾಕಕ್ಕ ಗ್ಯಾಸ್ ಕಟರ್‌ನಾವ ಬರ್ತಾನ. ಅಷ್ಟರಾಗ ತೆಗದ್ರ ಕೀಲಿ ನಿಮ್ದ.”

ಎಂಟು ಲೀವರಿನ ಕೀಲಿ, ತೆಗೆದರೆ ಒಳಗೆ ಗಂಟೆ ಬಾರಿಸುತ್ತದೆ! ಹರೆಯದಲ್ಲಿ ಒಮ್ಮೆ ಅದಕ್ಕೆ ಎಣ್ಣೆ ಬಿಟ್ಟು ಬಂದಾಗಿನಿಂದ ಯಮನೂರಸಾಬನಿಗೆ ಅದರದೇ ಹುಚ್ಚು. ಕಟರ್ ತಗುಲಿದರೆ ಎಲ್ಲ ಕರಗಿ ಮುದ್ದೆ. ಅರ್ಧ ಊಟ ಬಿಟ್ಟು ಬಸ್ಸು ಹತ್ತಿದ.

ನರಗುಂದದಲ್ಲಿ ಕಳಕೇಶ ಕೊಟ್ಟ ಕೀಲಿಕೈ ತಿಜೋರಿಯೊಳಗೆ ಅರ್ಧ ಹೋಗಿ ನಿಂತಿತು. ತಂತಿ ಹಾಕಿ ಕೆರೆದು ಮೂಸಿದ. ಏಲಕ್ಕಿ ವಾಸನೆ!

“ಅಮ್ಮಾರ, ಇದರಾಗ ಏನ್ ಹಾಕೀರಿ?”

“ಹೋಳಗಿ,” ಎಂದಳು ಕಳಕೇಶನ ಅಜ್ಜಿ ಬಾಳವ್ವ. “ದೀಪಾವಳಿ ಪೂಜಾದಾಗ ಒಂದ್ ತುತ್ತು. ಕೀಲಿಕೈ ತೂತಂದ್ರ ಲಕ್ಷ್ಮಿ ಬಾಯಿ ಅಲ್ಲೇನು?”

ಗಂಡ ತೀರಿಕೊಂಡ ಮೇಲೆ ತಿಜೋರಿ ತೆಗೆದವರಿಲ್ಲ, ಉಣಿಸುವುದನ್ನು ಮಾತ್ರ ಅವಳು ಒಂದು ವರ್ಷವೂ ತಪ್ಪಿಸಿಲ್ಲ. ಇಪ್ಪತ್ತೆರಡು ದೀಪಾವಳಿಯ ಹೂರಣ ಒಳಗೆ ಕಲ್ಲಾಗಿ ಕೂತಿತ್ತು. ಯಮನೂರಸಾಬ ಚೀಲದಿಂದ ಸೀಮೆಎಣ್ಣೆ ಬಾಟಲಿ ತೆಗೆದ.

“ಏ ಏ! ದೇವಿ ಬಾಯಾಗ ಚಿಮಣಿ ಎಣ್ಣಿ? ಕೈ ಮುರೀತೇನಿ ನೋಡು!”

“ಹಂಗಾದ್ರ ಬಿಸಿನೀರಿಲೆ ಬಾಯಿ ಮುಕ್ಕಳಿಸೂಣೇನ್ರಿ?”

ಬಾಳವ್ವ ಯೋಚಿಸಿದಳು. “ಅದು ಖರೇ. ಉಂಡ ಮ್ಯಾಲೆ ಯಾರಾದ್ರೂ ಬಾಯಿ ತೊಳಕೋಬೇಕು.”

ತಾನೇ ನೀರು ಕಾಸಿದಳು, ಹೋಳಿಯ ಪಿಚಕಾರಿ ಹುಡುಕಿ ಕೊಟ್ಟಳು. ತಿಜೋರಿಯಿಂದ ಬೆಲ್ಲದ ನೀರು ಹರಿಯಿತು, ಇರುವೆಗಳಿಗೆ ಹಬ್ಬವೋ ಹಬ್ಬ. ಆಮೇಲೆ ಹನಿಹನಿಯಾಗಿ ಕುಸುಬೆ ಎಣ್ಣೆ. ಮೂರೂವರೆಗೇ ಕಟರಿನವನು ಬಂದು, ಸಿಲಿಂಡರ್ ಇಳಿಸಿ ಚಹಾ ಕುಡಿಯುತ್ತ ಕೂತ. ಯಮನೂರಸಾಬ ಗಡಿಯಾರ ನೋಡುತ್ತಲೇ ಕೀಲಿಕೈ ಆಡಿಸಿದ. ಮಗಳ ಮದುವೆಯ ದಿನವೂ ಅವನು ಇಷ್ಟು ಹೆದರಿರಲಿಲ್ಲ. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಕೀಲಿಕೈ ಪೂರ್ತಿ ತಿರುಗಿತು. ಠಣ್!

ಒಳಗೆ ಏನೂ ಇರಲಿಲ್ಲ. ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಯಮನೂರಸಾಬ ಹಿಗ್ಗಿನಿಂದ ಬಾಗಿಲ ಒಳಬದಿಯ ಸ್ಕ್ರೂಗೆ ಸ್ಕ್ರೂಡ್ರೈವರ್ ಇಟ್ಟ.

“ತಡಿ ಸಾಬಾ, ಇನ್ನೊಮ್ಮೆ ಬಾರಸು,” ಎಂದಳು ಬಾಳವ್ವ.

ಹಾಕಿ ತೆಗೆದ. ಠಣ್. ಮೂರನೆಯ ಸಲ ಅವಳೇ ಕೀಲಿಕೈ ತಿರುಗಿಸಿದಳು. “ದಿನಾ ಮುಂಜಾನೆ ನಮ್ಮ ಮನಿಯವ್ರು ತಿಜೋರಿ ತೆಗದ ಗಂಟಿ ಕೇಳೇ ನಾನು ಚಾಕ್ಕ ನೀರ ಇಡ್ತಿದ್ದೆ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೊಟ್ಟ ಮಾತು ಮಾತೇ, ಯಮನೂರಸಾಬ ಬೇಕೆಂದರೆ ಕಳಕೇಶ ಇಲ್ಲವೆನ್ನುವಂತಿರಲಿಲ್ಲ. ಯಮನೂರಸಾಬನಿಗೋ ಅದು ಬೇಕೇ ಬೇಕಿತ್ತು. ಸ್ಕ್ರೂಡ್ರೈವರ್ ತಿರುಗಿಸಿದ, ಆದರೆ ಬಿಚ್ಚುವ ಕಡೆಗಲ್ಲ. ಸಡಿಲಾಗಿದ್ದ ಸ್ಕ್ರೂಗಳನ್ನೆಲ್ಲ ಒಂದೊಂದಾಗಿ ಬಿಗಿಮಾಡಿದ.

“ಇನ್ನ ಮ್ಯಾಲೆ ಹೋಳಗಿ ತಾಟಿನ್ಯಾಗ ಇಡ್ರಿ, ಅಮ್ಮಾರ,” ಎಂದು ಹೇಳಿ ಎದ್ದ. ಕಳಕೇಶ ಕಟರಿನವನಿಗೆ ಸಿಲಿಂಡರ್ ವಾಪಸ್ ಒಯ್ಯಲು ಹೇಳಿದ.

ಸಂಜೆ ಕಾಶೀಂಬಿ ಚೀಲ ತಡವಿ ನೋಡಿದಳು. “ಇದೇನ್ರಿ, ಖಾಲಿ? ಕೀಲಿ ಸಿಗ್ಲಿಲ್ಲೇನು?”

ಯಮನೂರಸಾಬ ಗೋಡೆಯ ಕೀಲಿಗಳ ಕಡೆ ಒಮ್ಮೆ ನೋಡಿದ. ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತ.

“ಅದಿನ್ನೂ ನೌಕರಿ ಮ್ಯಾಲ ಐತಿ. ನಾವು ರಿಟೈರ್ ಆದಾವನ್ನಷ್ಟ ತರೂದು.”